ಗೊನೆ ಹರಾಜಾಗೋ ಚರ್ಚು, ಹಿಸ್ಸೆಯಾಗೋ ತೋಟ: ಕಿಲಿಮಂಜಾರೋದ ಚಗ್ಗಾ ರೈತರ ನಂಬಿಕೆಗೆ ಏನಾಗ್ತಿದೆ

ಆರಾಧನೆ ಮುಗಿದ್ಮೇಲೆ ಜನ ಸೀದಾ ಮನೆಗೆ ಹೋಗಲ್ಲ. ಹಾಡು ಹೇಳ್ಕೊಂಡೇ ಸಾಲಾಗಿ ಹೊರಗೆ ಬಂದು ಚರ್ಚಿನ ಅಂಗಳದಲ್ಲಿ ಸುತ್ತ ನಿಂತ್ಕೋತಾರೆ, ಅಲ್ಲಿ ಹರಾಜು ಶುರು. ಕೈಯಲ್ಲಿ ದುಡ್ಡಿಲ್ಲದವರು ಕಾಣಿಕೆ ಅಂತ ಏನು ತಂದಿರ್ತಾರೋ ಅದೆಲ್ಲ, ಅಂದ್ರೆ ಒಂದು ಬಾಳೆಗೊನೆ, ಒಂದಷ್ಟು ಮೊಟ್ಟೆ, ಕಾಲು ಕಟ್ಟಿದ ಕೋಳಿ, ಬಾಟ್ಲಿಯಲ್ಲಿ ಹಾಲು, ಒಂದು ಕಟ್ಟು ಸೊಪ್ಪು, ಒಬ್ಬ ಮಾತುಗಾರ ಅದನ್ನ ಎತ್ತಿ ಹಿಡಿದು ರೇಟು ಕೂಗ್ತಾನೆ, ತಮಾಷೆ ಮಾಡ್ತಾನೆ, ಊರಿಗೆ ಬಂದಿರೋ ಪೇಟೆಯವನನ್ನ ಕೆಣಕ್ತಾನೆ, ರೇಟು ಏರುತ್ತೆ. ಮಾರ್ಕೆಟ್ಟಿನಲ್ಲಿ ಸಿಗೋ ಬೆಲೆಗಿಂತ ಜಾಸ್ತಿಗೆ ಗೊನೆ ಹೋಗೋದೂ ಉಂಟು, ತಗೊಂಡವರು ಅದನ್ನ ಅಲ್ಲೇ ಯಾರೋ ವಯಸ್ಸಾದವರ ಕೈಗೋ ಪಾದ್ರಿ ಕೈಗೋ ಕೊಟ್ಬಿಡೋದೂ ಉಂಟು. ಸ್ವಾಹಿಲಿಯಲ್ಲಿ ಇದಕ್ಕೆ ಮ್ನಾಡ ಅಂತಾರೆ. ಟಾಂಜಾನಿಯಾದ ಲುಥೆರನ್ (ಪ್ರಾಟೆಸ್ಟಂಟರ ಒಂದು ಪಂಗಡ) ಸಭೆಗಳಲ್ಲಿ, ಅಂದ್ರೆ ಒಂದೊಂದು ಚರ್ಚಿನ ಜನರ ಕೂಟದಲ್ಲಿ, ಇದು ಮಾಮೂಲಿ ನೋಟ.

ಈ ಗೊನೆ ಎಲ್ಲಿಂದ ಬಂತು ಅನ್ನೋದರಿಂದ ಶುರು ಮಾಡೋಣ ಅನ್ಸುತ್ತೆ ನಂಗೆ. ಯಾಕಂದ್ರೆ ಕಿಲಿಮಂಜಾರೋ ಬೆಟ್ಟದ ಚಗ್ಗಾ ಜನರ ಕ್ರೈಸ್ತ ನಂಬಿಕೆ ಬಗ್ಗೆ ಈಗ ಕೇಳಿಬರೋ ಚರ್ಚೆ ಎಲ್ಲ ಹೆಚ್ಚುಕಮ್ಮಿ ಒಂದೇ ಧಾಟಿಯಲ್ಲಿರುತ್ತೆ, ಹಳೇ ಚರ್ಚು ಸಪ್ಪೆ ಆಯ್ತು, ಜನ ಪವಾಡ ಮಾಡೋ ಪಾದ್ರಿಗಳ ಹಿಂದೆ ಓಡ್ತಿದಾರೆ, ಹುಡುಗರಿಗೆ ಭಕ್ತಿ ಇಲ್ಲ ಅಂತ. ಅರ್ಧ ಸತ್ಯ ಇರಬಹುದು. ಆದ್ರೆ ಗೊನೆ ಬೆಳೆಯೋ ತೋಟದ ಕಡೆ ತಿರುಗಿ ನೋಡದೆ ಬರೀ ಭಕ್ತಿ ಅಳೆದ್ರೆ ಲೆಕ್ಕ ತಪ್ಪುತ್ತೆ.

ಮೊದಲು ಯಾರಿವರು ಅಂತ ಹೇಳಿಬಿಡ್ತೀನಿ. ಚಗ್ಗಾ ಅಂದ್ರೆ ಬಂಟು ಭಾಷಾ ಕುಟುಂಬದ ರೈತರು (ಬಂಟು ಅಂದ ತಕ್ಷಣ ಮಂಗಳೂರು ಕಡೆ ಬಂಟರು ನೆನಪಾದ್ರೆ ತಪ್ಪೇನಿಲ್ಲ, ಆದ್ರೆ ಹೆಸರು ಬಿಟ್ರೆ ಸಂಬಂಧ ಇಲ್ಲ). 5,895 ಮೀಟರ್ ಎತ್ತರದ ಆ ಬೆಟ್ಟದ ದಕ್ಷಿಣ ಮತ್ತು ಪೂರ್ವದ ಇಳಿಜಾರಿನಲ್ಲಿ, ಮೇಲೆ ಕಾಡು ಕೆಳಗೆ ಒಣ ಬಯಲು, ಮಧ್ಯದಲ್ಲಿರೋ ಹಸಿರು ಪಟ್ಟಿಯಲ್ಲಿ ಇವರ ಮನೆಗಳು. ಮನೆ ಅಂದ್ರೆ ಮನೆ ಒಂದೇ ಅಲ್ಲ, ಮನೆ ಸುತ್ತಲಿನ ತೋಟಾನೂ ಸೇರಿ, ಅದಕ್ಕೆ ಕಿಹಾಂಬ ಅಂತಾರೆ. ಮಲೆನಾಡಿನವರಿಗೆ ಇದನ್ನ ಜಾಸ್ತಿ ವಿವರಿಸೋದು ಬೇಡ. ಮೇಲೆ ನೆರಳಿನ ಮರ, ಅದರ ಕೆಳಗೆ ಬಾಳೆ, ಬಾಳೆ ಕೆಳಗೆ ಅರೇಬಿಕಾ ಕಾಫಿ, ಕಾಫಿ ಕೆಳಗೆ ಕೆಸುವಿನ ಗೆಡ್ಡೆ, ಸೊಪ್ಪು, ಬೀನ್ಸು. ನೆರಳಿಗೆ ಹಾಕಿರೋದರಲ್ಲಿ ನಮ್ಮ ಕೊಡಗು ಚಿಕ್ಕಮಗಳೂರಲ್ಲಿ ಕಾಣೋ ಅದೇ ಸಿಲ್ವರ್ ಓಕ್ ಕೂಡ ಇದೆ, ಆಸ್ಟ್ರೇಲಿಯಾದ ಮರ ಎರಡೂ ಕಡೆ ಕಾಫಿ ಜೊತೆ ಸೆಟ್ಲ್ ಆಗ್ಬಿಟ್ಟಿದೆ. ದನ ಮೇಯೋಕೆ ಹೋಗಲ್ಲ, ಕೊಟ್ಟಿಗೆಯಲ್ಲೇ ಕಟ್ಟಿರುತ್ತೆ, ಹೆಂಗಸರು ಕೆಳಗಿನ ಬಯಲಿಂದ ಹುಲ್ಲು ಕೊಯ್ದು ತಲೆ ಮೇಲೆ ಹೊತ್ಕೊಂಡು ಬೆಟ್ಟ ಹತ್ತಬೇಕು, ಆ ದನದ ಗೊಬ್ಬರ ಬಾಳೆ ಬುಡಕ್ಕೆ. ನೀರಿಗೆ ಮ್ಫೊಂಗೊ ಅನ್ನೋ ಕಾಲುವೆ, ಮೇಲಿನ ಹೊಳೆಯಿಂದ ಇಳಿಜಾರು ಹಿಡಿದು ತಂದಿರೋದು, ಆಯಾ ಕುಲದವರು ತೋಡಿ, ಪಾಳಿ ಪ್ರಕಾರ ಬಿಟ್ಕೊಂಡು, ವರ್ಷವರ್ಷ ಹೂಳು ತೆಗೆದು ಉಳಿಸ್ಕೊಂಡಿರೋದು. ವಿಶ್ವಸಂಸ್ಥೆಯ ಆಹಾರ ಕೃಷಿ ಸಂಸ್ಥೆ ಎಫ್‌ಎಒ 2011ರಲ್ಲಿ ಶಿಂಬ್ವೆ ಜೂ ಅನ್ನೋ ಊರಿನ ಕಿಹಾಂಬ ಪದ್ಧತಿನ ಜಾಗತಿಕ ಕೃಷಿ ಪರಂಪರೆ ಅಂತ ಗುರುತಿಸ್ತು. ಇಡೀ ಬೆಟ್ಟದಲ್ಲಿ ಇಂಥ ತೋಟ ಸುಮಾರು 1,20,000 ಹೆಕ್ಟೇರ್ ಇದೆ ಅಂತ ಅವರದೇ ಲೆಕ್ಕ.

ಆ ತೋಟದ ಅಂಚಿಗೆ ಒಂದು ಗಿಡ ಇರುತ್ತೆ, ಮಸಾಲೆ ಅಂತ ಅದರ ಹೆಸರು (ನಮ್ಮ ಮಸಾಲೆ ಅಲ್ಲ, ಡ್ರಸೀನಾ ಜಾತಿ, ಉದ್ದ ಎಲೆ). ತೋಟದ ಗಡಿಗೆ ಅದೇ ಬೇಲಿ, ಹಿರಿಯರ ಸಮಾಧಿ ಪಕ್ಕದಲ್ಲೂ ಅದೇ. ಜಗಳ ಆಡ್ಕೊಂಡವನು ಆ ಎಲೆಗೆ ಗಂಟು ಹಾಕಿ ಎದುರಿನವನ ಕೈಗೆ ಕೊಟ್ರೆ ಕ್ಷಮೆ ಕೇಳ್ದಂಗೆ, ಅವನು ಕ್ಷಮಿಸಲೇಬೇಕು, ಇಲ್ಲ ಅನ್ನೋ ಹಾಗಿಲ್ಲ. ಗಡಿ, ಸತ್ತವರು, ಕ್ಷಮೆ ಮೂರಕ್ಕೂ ಒಂದೇ ಗಿಡ. ಬೈಬಲ್ ಬರೋದಕ್ಕೆ ಮುಂಚಿನಿಂದ ಇದೆ, ಬಂದ್ಮೇಲೂ ಹೋಗಿಲ್ಲ, ಕ್ರೈಸ್ತರಾದ ಮನೆಗಳೂ ರಾಜಿಗೆ ಇದೇ ಎಲೆ ಹಿಡ್ಕೊಂಡು ಹೋಗ್ತಾರೆ.

ಈಗ ಮಿಷನ್ ಕಥೆ. 1848ರಲ್ಲಿ ಯೊಹಾನೆಸ್ ರೆಬ್‌ಮಾನ್ ಅನ್ನೋ ಜರ್ಮನ್ ಮಿಷನರಿ ಬೆಟ್ಟದ ತುದಿಯಲ್ಲಿ ಹಿಮ ಕಂಡೆ ಅಂತ ಬರೆದಾಗ ಲಂಡನ್ನಿನ ಪಂಡಿತರು ಭೂಮಧ್ಯರೇಖೆ ಹತ್ರ ಎಲ್ಲಿಂದ ಬರ್ಬೇಕು ಹಿಮ ಅಂತ ನಂಬಲೇ ಇಲ್ಲ. ಊರೂರಲ್ಲಿ ನೆಲೆ ನಿಂತಿದ್ದು ಆಮೇಲೆ. 1885ರಲ್ಲಿ ಇಂಗ್ಲಿಷ್ ಆಂಗ್ಲಿಕನ್ನರು ಮೋಶಿಗೆ (ಈಗ ಓಲ್ಡ್ ಮೋಶಿ ಅನ್ನೋ ಜಾಗ) ಬಂದ್ರು, ಜರ್ಮನ್ ಆಳ್ವಿಕೆ ಬಂದ್ಮೇಲೆ ಅವರು ಜಾಗ ಖಾಲಿ ಮಾಡ್ಬೇಕಾಯ್ತು, 1893ರಲ್ಲಿ ಲೈಪ್‌ಜಿಗ್ ಲುಥೆರನ್ ಮಿಷನ್ ಮಚಾಮೆಯಲ್ಲಿ ಶುರುವಾಯ್ತು. ಕ್ಯಾಥೊಲಿಕ್ ಹೋಲಿ ಗೋಸ್ಟ್ ಫಾದರ್‌ಗಳು ಅಷ್ಟೊತ್ತಿಗಾಗಲೇ ಕಿಲೆಮಾದಲ್ಲಿ ನೆಲೆ ಹಾಕಿದ್ರು. ಬೆಟ್ಟದ ಮೇಲೆ ಆಗ ಒಬ್ಬ ರಾಜ ಅಂತ ಇರಲಿಲ್ಲ, ಒಂದೊಂದು ದಿಣ್ಣೆಗೂ ಒಬ್ಬೊಬ್ಬ ಮಾಂಗಿ ಅಂದ್ರೆ ನಾಯಕ. ಯಾವ ಮಾಂಗಿ ಯಾವ ಮಿಷನ್‌ಗೆ ಜಾಗ ಕೊಟ್ಟನೋ ಆ ದಿಣ್ಣೆ ಬಹುಮಟ್ಟಿಗೆ ಆ ಪಂಗಡದ್ದಾಯ್ತು. ಇವತ್ತಿಗೂ ಮಚಾಮೆ, ಓಲ್ಡ್ ಮೋಶಿ ಕಡೆ ಲುಥೆರನ್ನರು ಜಾಸ್ತಿ, ಕಿಬೋಶೊ, ಕಿಲೆಮಾ, ರೊಂಬೊ ಕಡೆ ಕ್ಯಾಥೊಲಿಕ್ಕರು ಜಾಸ್ತಿ. ದಾರಿಯಲ್ಲಿ ಎದುರಾದವರು ಹೆಂಗೆ ನಮಸ್ಕಾರ ಹೇಳ್ತಾರೆ ಅನ್ನೋದರಲ್ಲೇ ಗೊತ್ತಾಗಿಬಿಡುತ್ತೆ, ಒಬ್ಬರು 'ತುಂಸಿಫು ಯೇಸು ಕ್ರಿಸ್ಟೊ' ಅಂದ್ರೆ 'ಮಿಲೆಲೆ ಅಮಿನಾ' ಅಂತ ಉತ್ತರ ಬಂದ್ರೆ ಕ್ಯಾಥೊಲಿಕ್ಕು, 'ಬ್ವಾನಾ ಯೇಸು ಅಸಿಫಿವೆ' ಅಂದ್ರೆ ಇನ್ನೊಂದು ಕಡೆಯವರು. ಎರಡಕ್ಕೂ ಅರ್ಥ ಹತ್ರಹತ್ರ ಒಂದೇ, ಯೇಸುವಿಗೆ ಸ್ತೋತ್ರ ಅಂತ.

ಇದೆಲ್ಲ ಪ್ರೀತಿಯಿಂದ ಮಾತ್ರ ಆಗಿದ್ದು ಅನ್ಕೋಬೇಡಿ. ಓಲ್ಡ್ ಮೋಶಿಯ ಮಾಂಗಿ ಮೆಲಿಯನ್ನ ಜರ್ಮನ್ನರು 1900ರಲ್ಲಿ ಉಳಿದ ಮುಖಂಡರ ಜೊತೆ ಮರಕ್ಕೆ ನೇಣು ಹಾಕಿದ್ರು, ಅವನ ತಲೆ ಜರ್ಮನಿಗೆ ಹೋಯ್ತು ಅಂತ ಮನೆಯವರು ಇವತ್ತಿಗೂ ಅದಕ್ಕೆ ಹುಡುಕಾಡ್ತಿದಾರೆ. ಬಂದೂಕು ತಂದ ದೇಶದಿಂದಲೇ ಬೈಬಲ್ಲೂ ಬಂದಿದ್ದು, ಅದನ್ನ ಜನ ಮರೆತಿಲ್ಲ.

ಹಂಗಿದ್ರೂ ಅಷ್ಟು ಬೇಗ ಅಷ್ಟು ಆಳಕ್ಕೆ ಹೆಂಗೆ ಬೇರು ಬಿಡ್ತು? ನಂಗೆ ಕಾಣೋ ಉತ್ತರ, ಚರ್ಚು ಬಂದು ಕೂತಿದ್ದು ಮೊದಲೇ ಇದ್ದ ಕಟ್ಟೆ ಮೇಲೆ. 1902ರಲ್ಲಿ ಬಂದ ಬ್ರೂನೊ ಗುಟ್‌ಮಾನ್ ಅನ್ನೋ ಲುಥೆರನ್ ಪಾದ್ರಿ ಸುಮಾರು 1938ರ ತನಕ ಹೆಚ್ಚಾಗಿ ಓಲ್ಡ್ ಮೋಶಿಯಲ್ಲೇ ಇದ್ದ, ಚಗ್ಗಾ ಕಾನೂನು, ಕಟ್ಟಳೆ, ಉಪದೇಶ ಎಲ್ಲ ಸಾವಿರಾರು ಪುಟ ಬರೆದಿಟ್ಟ. ಅವನ ವಾದ ಏನಂದ್ರೆ ಕುಲ, ನೆರೆಹೊರೆ, ಒಂದೇ ವಯಸ್ಸಿನವರ ಗುಂಪು, ಈ ಮೂರು ನಂಟನ್ನ ಕೀಳಬಾರದು, ಸಭೆ ಕಟ್ಟೋದಾದ್ರೆ ಇವುಗಳ ಮೇಲೇ ಕಟ್ಟಬೇಕು ಅಂತ. ಅವನ ಮಾತನ್ನ ಪೂರ್ತಿ ಒಪ್ಪೋದು ಕಷ್ಟ, ಊರು ಹಂಗೇ ನಿಂತುಬಿಡ್ಲಿ ಅನ್ನೋ ಆಸೆ ಅದರಲ್ಲಿತ್ತು, ಅಲ್ಲಿನ ಹುಡುಗರಿಗೆ ಅಷ್ಟೊತ್ತಿಗೆ ಬೇಕಾಗಿದ್ದು ಇಸ್ಕೂಲು, ಇಂಗ್ಲಿಷು, ಕಾಫಿ ದುಡ್ಡು. ಆದ್ರೂ ಅವನು ಕಂಡಿದ್ದು ತಪ್ಪಲ್ಲ. ನೀರಿನ ಪಾಳಿಗೆ ಸೇರ್ತಿದ್ದ ಅದೇ ಜನ ಭಾನುವಾರ ಬೆಂಚಲ್ಲಿ ಕೂರ್ತಿದ್ರು. ದೇವರಿಗೆ ಅವರ ಹಳೇ ಹೆಸರು ರುವಾ, ಸೂರ್ಯನಿಗೂ ಅದೇ ಥರದ ಪದ, ಮಿಷನರಿಗಳು ಆ ಹೆಸರನ್ನೇ ಉಳಿಸ್ಕೊಂಡ್ರು. ಮೊದಲನೇ ಮಹಾಯುದ್ಧ ಆದ್ಮೇಲೆ ಬ್ರಿಟಿಷರು ಜರ್ಮನ್ ಮಿಷನರಿಗಳನ್ನ ಓಡಿಸಿದಾಗ ಸಭೆಗಳು ಮುಚ್ಚಿಹೋಗಲಿಲ್ಲ, ಅಲ್ಲಿನ ಮೇಷ್ಟ್ರುಗಳೇ ನಡೆಸ್ಕೊಂಡು ಹೋದ್ರು. 1963ರಲ್ಲಿ ಏಳು ಲುಥೆರನ್ ಚರ್ಚುಗಳು ಒಂದಾಗಿ ರಾಷ್ಟ್ರ ಮಟ್ಟದ ಚರ್ಚ್ ಆದಾಗ ಅದರ ಮೊದಲ ಮುಖ್ಯಸ್ಥ ಚಗ್ಗಾ ಬಿಷಪ್ ಸ್ಟೆಫನೊ ಮೋಶಿ. ಇವತ್ತು ಆ ಚರ್ಚಿನಲ್ಲಿ 60 ಲಕ್ಷಕ್ಕೂ ಹೆಚ್ಚು ಜನ, ಲೋಕದ ಅತಿ ದೊಡ್ಡ ಲುಥೆರನ್ ಚರ್ಚುಗಳಲ್ಲಿ ಒಂದು.

ಚರ್ಚು ನಿಂತಿದ್ದ ಇನ್ನೊಂದು ಕಾಲು ಕಾಫಿಯದ್ದು. ಕಿಲೆಮಾ ಫಾದರ್‌ಗಳು ಗಿಡ ತಂದು ಹಾಕಿದ್ರು, ಅಲ್ಲಿಂದ ಚಗ್ಗಾ ತೋಟಗಳಿಗೆ ನುಗ್ಗಿತು. ಪಕ್ಕದ ಕೀನ್ಯಾದಲ್ಲಿ ಕರಿಯರು ಅರೇಬಿಕಾ ಬೆಳೆಯೋದನ್ನ ಬಿಳಿಯ ಪ್ಲಾಂಟರ್‌ಗಳು ಬಹಳ ಕಾಲ ತಡೆದು ಇಟ್ಟಿದ್ರು, ಕಿಲಿಮಂಜಾರೋದಲ್ಲೂ ಪ್ಲಾಂಟರ್‌ಗಳು ಗಲಾಟೆ ಮಾಡಿದ್ರು, ಆದ್ರೆ ಚಗ್ಗಾಗಳು 1925ರಲ್ಲೇ ಬೆಳೆಗಾರರ ಸಂಘ ಕಟ್ಕೊಂಡು ನಿಂತ್ರು, 1933ರ ಹೊತ್ತಿಗೆ ಅದು ಕೆಎನ್‌ಸಿಯು ಅನ್ನೋ ಸಹಕಾರ ಸಂಘ ಆಯ್ತು, ಆಫ್ರಿಕಾದ ತೀರಾ ಹಳೇ ಸಹಕಾರ ಸಂಘಗಳಲ್ಲಿ ಅದೂ ಒಂದು. ಕಾಫಿ ದುಡ್ಡಲ್ಲಿ ಫೀಸು, ಫೀಸಲ್ಲಿ ಮಿಷನ್ ಇಸ್ಕೂಲು, ಇಸ್ಕೂಲಿಂದ ನೌಕರಿ, ನೌಕರಿ ದುಡ್ಡಲ್ಲಿ ಚರ್ಚಿಗೆ ಹೊಸ ಚಾವಣಿ. ಒಂದಕ್ಕೊಂದು ಹೆಣೆದುಕೊಂಡಿತ್ತು. ಟಾಂಜಾನಿಯಾದಲ್ಲಿ ಚಗ್ಗಾ ಅಂದ್ರೆ ಓದಿದವರು, ಬಿಸ್ನೆಸ್ ಗೊತ್ತಿರೋವ್ರು, ದುಡ್ಡು ಬಿಡದವರು ಅಂತ ಜೋಕು ಹುಟ್ಟಿದ್ದು ಈ ಸುತ್ತಿನಿಂದಾನೇ.

ಒಂದು ಸಣ್ಣ ಪಕ್ಕದ ಮಾತು, ರಾಗಿ. ಚಗ್ಗಾಗಳ ಮನೆ ಬಿಯರ್ ಎಂಬೆಗೆ. ಹಣ್ಣು ಬಾಳೆ ಬೇಯಿಸಿ ಹುಳಿ ಬರಿಸ್ತಾರೆ, ಆಮೇಲೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಾಕ್ತಾರೆ, ಅದೇ ನಮ್ಮ ರಾಗಿ, ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ ಮೊದಲು ಬೆಳೆಗೆ ಬಂದು ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದಿದ್ದು, ನಾವು ಮುದ್ದೆ ಮಾಡ್ಕೊಂಡ್ವಿ ಅವರು ಕುಡಿದ್ರು. ಸೋರೆ ಬುರುಡೆಯಲ್ಲಿ ಮೊದಲ ಗುಟುಕು ಹಿರಿಯರ ಹೆಸರಲ್ಲಿ ನೆಲಕ್ಕೆ ಬೀಳ್ತಿತ್ತು. 1930ರ ದಶಕದಲ್ಲಿ ರುವಾಂಡಾ ಕಡೆಯಿಂದ ಎದ್ದ ಉಜ್ಜೀವನದ ಅಲೆ ಇಲ್ಲಿಗೂ ಬಂತು, ವಲೊಕೊಲೆ ಅಂದ್ರೆ 'ರಕ್ಷಿಸಲ್ಪಟ್ಟವರು' ಅನ್ನೋ ಆ ಜನ ಎಂಬೆಗೆ ಮುಟ್ಟಲ್ಲ. ಒಂದೇ ಮನೆಯಲ್ಲಿ ಅಣ್ಣ ಬುರುಡೆ ಹಿಡಿದಿರ್ತಾನೆ, ತಮ್ಮ ಸೋಡಾ. ಇಬ್ಬರೂ ಒಂದೇ ಸಭೆ.

ಸರಿ, ಈಗಿನ ಸಮಸ್ಯೆಗೆ ಬರೋಣ. ತೋಟ ಹಿಸ್ಸೆಯಾಗ್ತಾ ಹೋಗ್ತಿದೆ. ಹಳೇ ಕಟ್ಟಳೆ ಪ್ರಕಾರ ಅಪ್ಪ ಅಮ್ಮನ ಮನೆ ಮತ್ತು ಅದರ ಸುತ್ತಲಿನ ತೋಟ ಕಿರಿ ಮಗನಿಗೆ, ದೊಡ್ಡ ಮಗನಿಗೆ ಬೇರೆ ಒಂದು ಕಿಹಾಂಬ, ಮಧ್ಯದವರು ಹೊಸ ಜಾಗ ನೋಡ್ಕೋಬೇಕು. ಹೊಸ ಜಾಗ ಇದ್ದಷ್ಟು ದಿನ ಇದು ನಡೀತು. ಮೇಲೆ ಹೋಗೋಣ ಅಂದ್ರೆ ಕಾಡು, 1973ರಿಂದ ನ್ಯಾಷನಲ್ ಪಾರ್ಕು, ಕೆಳಗೆ ಹೋಗೋಣ ಅಂದ್ರೆ ಮಳೆ ನೆಚ್ಚೋಕಾಗದ ಮೆಕ್ಕೆಜೋಳದ ಬಯಲು. ಈಗ ಎಷ್ಟೋ ಮನೆಗೆ ಉಳಿದಿರೋದು ಎಕರೆ ಎರಡೆಕರೆ, ಅದರಲ್ಲೂ ಅಣ್ಣತಮ್ಮಂದಿರ ಪಾಲು. ಜನಗಣತಿ ನೋಡಿ, 2012ರಿಂದ 2022ಕ್ಕೆ ಟಾಂಜಾನಿಯಾ ಜನಸಂಖ್ಯೆ ಸುಮಾರು 4.5 ಕೋಟಿಯಿಂದ 6.17 ಕೋಟಿಗೆ ಹಾರಿತು, ಕಿಲಿಮಂಜಾರೋ ಪ್ರಾಂತ್ಯ 16.4 ಲಕ್ಷದಿಂದ 18.6 ಲಕ್ಷಕ್ಕೆ ತೆವಳಿತು. ಮಕ್ಕಳು ಹುಟ್ತಿಲ್ಲ ಅಂತ ಮಾತ್ರ ಅಲ್ಲ, ಹುಟ್ಟಿದವರು ದಾರ್ ಎಸ್ ಸಲಾಮ್, ಅರುಷಾ ಥರದ ಪೇಟೆಗಳ ಬಸ್ಸು ಹತ್ತುತಿದಾರೆ. ತೋಟದಲ್ಲಿ ಉಳಿಯೋದು ಅಜ್ಜ ಅಜ್ಜಿ.

ಕಾಫಿ ಕಥೆನೂ ಹಂಗೇ ಇಳೀತು. 1976ರಲ್ಲಿ ಸರ್ಕಾರ ಸಹಕಾರ ಸಂಘಗಳನ್ನೇ ಮುಚ್ಚಿತು, 80ರ ದಶಕದಲ್ಲಿ ಮತ್ತೆ ತೆರೀತು, ಆದ್ರೆ ಮುರಿದ ನಂಬಿಕೆ ಕೂಡಲಿಲ್ಲ, 90ರ ದಶಕದಲ್ಲಿ ಖಾಸಗಿ ಖರೀದಿದಾರರು ಬಂದ್ರು, 2000ದ ಆಸುಪಾಸಿನಲ್ಲಿ ಲೋಕದ ಕಾಫಿ ರೇಟು ಬಿದ್ದಾಗ (ನಮ್ಮ ಪ್ಲಾಂಟರ್‌ಗಳಿಗೂ ಆ ವರ್ಷಗಳು ಚೆನ್ನಾಗೇ ನೆನಪಿರುತ್ತೆ) ಬಹಳ ಜನ ಗಿಡ ಕಿತ್ತು ಬಾಳೆ, ಟೊಮೆಟೊ, ಹಾಲು ಕಡೆ ತಿರುಗಿದ್ರು. ಅದರ ಮೇಲೆ ಹವಾಮಾನ. ಟಾಂಜಾನಿಯಾದ ಅರೇಬಿಕಾ ಬಗ್ಗೆ 2015ರಲ್ಲಿ ಬಂದ ಅಧ್ಯಯನ ಒಂದು, ರಾತ್ರಿ ಹೊತ್ತಿನ ತಾಪಮಾನ ಏರ್ತಿರೋದಕ್ಕೂ ಇಳುವರಿ ಇಳೀತಿರೋದಕ್ಕೂ ನಂಟು ತೋರಿಸ್ತು. ಇನ್ನು ತುದಿಯ ಹಿಮ 1912ರಿಂದ ಈಚೆಗೆ ಶೇ 80ಕ್ಕೂ ಜಾಸ್ತಿ ಕರಗಿದೆ, ಅದಕ್ಕೇ ಕಾಲುವೆ ಒಣಗ್ತಿದೆ ಅಂತ ಹೊರಗಿನವರು ಬರೀತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಳೆಗಳಿಗೆ ನೀರು ಬರೋದು ಬಹುಪಾಲು ಮಧ್ಯದ ಮೋಡಕಾಡಿನಿಂದ, ಅಲ್ಲಿ ಬೀಳೋ ಮಳೆ, ಮರ ಹಿಡಿಯೋ ಮಂಜಿನಿಂದ, ಹಿಮದ ಪಾಲು ಬಹಳ ಕಮ್ಮಿ. ಹಿಮ ಫೋಟೋಗೆ ಚೆನ್ನಾಗಿ ಕಾಣುತ್ತೆ, ಮ್ಫೊಂಗೊ ತುಂಬ್ಸೋದು ಕಾಡು. ಇದನ್ನ ಅರ್ಥ ಮಾಡ್ಕೊಂಡವರಲ್ಲಿ ಚರ್ಚಿನವರೂ ಇದ್ರು, ಲುಥೆರನ್ನರ ಉತ್ತರ ಧರ್ಮಪ್ರಾಂತ್ಯ ಅಂದ್ರೆ ಡಯಾಸಿಸ್‌ನ ಬಿಷಪ್ ಫ್ರೆಡ್ರಿಕ್ ಶೂ ಗಿಡ ನೆಡಿಸಿ ನೆಡಿಸಿ 'ಮರದ ಬಿಷಪ್' ಅಂತಾನೇ ಹೆಸರಾದ್ರು, ಆಮೇಲೆ ಇಡೀ ದೇಶದ ಲುಥೆರನ್ ಚರ್ಚಿನ ಮುಖ್ಯಸ್ಥರೂ ಆದ್ರು. ಒಳ್ಳೇ ಕೆಲಸ. ಆದ್ರೆ ನೆಟ್ಟ ಗಿಡಕ್ಕೆ ನೀರು ಹಾಕೋ ಕೈ ಪೇಟೆಯಲ್ಲಿದ್ರೆ ಬಿಷಪ್ ಏನ್ ಮಾಡ್ತಾರೆ.

ಪೇಟೆಗೆ ಹೋದ ಹುಡುಗನ ಕಡೆ ನೋಡಿ ಈಗ. ಊರಲ್ಲಿ ಅವನು ಇಂಥ ಕುಲ, ಇಂಥ ಕಾಲುವೆ ಪಾಳಿ, ಇಂಥ ಸಭೆ. ಬಾಡಿಗೆ ರೂಮಿನಲ್ಲಿ ಇದ್ಯಾವುದೂ ಇಲ್ಲ, ಇರೋದು ಕೆಲಸ ಸಿಗುತ್ತೋ ಇಲ್ವೋ, ಅಂಗಡಿ ನಡೆಯುತ್ತೋ ಇಲ್ವೋ ಅನ್ನೋ ಚಿಂತೆ. ಕುಲ ಕೇಳದೆ, ಸದಸ್ಯತ್ವದ ಚೀಟಿ ಕೇಳದೆ, ಬಾ ನಿನ್ನ ಸಮಸ್ಯೆ ಏನು ಅಂತ ಮೈಕಲ್ಲಿ ಕೇಳೋ ಪಾದ್ರಿ ಅವನಿಗೆ ಹತ್ರ ಆಗ್ತಾನೆ, ಇದರಲ್ಲಿ ಆಶ್ಚರ್ಯ ಪಡೋದಕ್ಕೆ ಏನಿದೆ? ಆ ಅಲೆ ವಾಪಸ್ ಬೆಟ್ಟದ ಬುಡಕ್ಕೂ ಬಂತು. 2020ರ ಫೆಬ್ರವರಿ 1ರಂದು ಮೋಶಿ ಊರಿನ ಸ್ಟೇಡಿಯಂನಲ್ಲಿ ಇಂಥ ಒಬ್ಬ ಪಾದ್ರಿಯ ಪ್ರಾರ್ಥನಾ ಕೂಟ ನಡೆದಾಗ, ಅಭಿಷೇಕದ ಎಣ್ಣೆ ಚೆಲ್ಲಿದ ಜಾಗ ತುಳಿಯೋಕೆ ಜನ ಒಮ್ಮೆಲೇ ನುಗ್ಗಿ, ಕಾಲ್ತುಳಿತದಲ್ಲಿ 20 ಜನ ಸತ್ತರು. ಆವತ್ತು ಬೈದವರೇ ಜಾಸ್ತಿ, ಮೂಢನಂಬಿಕೆ ಅಂತ. ಬೈಯೋದು ಸುಲಭ. ಆ ಗುಂಪಿನಲ್ಲಿ ಇದ್ದವರು ಕಾಯಿಲೆ, ಸಾಲ, ಸೋತ ಬಿಸ್ನೆಸ್ ಹೊತ್ಕೊಂಡು ಬಂದವರು. ಇಂಥ ಭಾರ ಮೊದಲು ಹತ್ತು ಮನೆಗೆ ಹಂಚಿ ಹೋಗ್ತಿತ್ತು, ಈಗ ಒಬ್ಬೊಬ್ಬನೇ ಹೊರಬೇಕು.

ಅಂದಮಾತ್ರಕ್ಕೆ ಹಳೇ ಚರ್ಚು ಖಾಲಿ ಅನ್ನೋದು ಸುಳ್ಳು. ಮೋಶಿಯ ಕೆಸಿಎಂಸಿ ಆಸ್ಪತ್ರೆ 1971ರಲ್ಲಿ ಚರ್ಚುಗಳ ದುಡಿಮೆಯಿಂದ ಶುರುವಾಗಿದ್ದು, ಉತ್ತರ ಟಾಂಜಾನಿಯಾಕ್ಕೆ ಇವತ್ತಿಗೂ ಅದೇ ದೊಡ್ಡಾಸ್ಪತ್ರೆ. ಶಾಲೆ ಕಾಲೇಜು ನಡೀತಿವೆ. ಸಂಖ್ಯೆ ಹಿಡಿದು ವಾದ ಮಾಡೋಣ ಅಂದ್ರೆ 1967ರ ನಂತರ ಟಾಂಜಾನಿಯಾ ಜನಗಣತಿಯಲ್ಲಿ ಧರ್ಮ ಕೇಳೋದನ್ನೇ ಬಿಟ್ಟಿದಾರೆ, ಹಂಗಾಗಿ ಯಾರು ಎಷ್ಟು ಅಂತ ಎದೆ ತಟ್ಟಿ ಹೇಳೋರ ಮಾತು ನಂಬೋ ಮುಂಚೆ ಸ್ವಲ್ಪ ಯೋಚಿಸಿ. ಬದಲಾಗಿರೋದು ಬೇರೆ. ಮೊದಲು ಸಭೆಗೆ ಗೊನೆ, ಮೊಟ್ಟೆ, ಕೂಲಿ ಕೆಲಸ ಬರ್ತಿತ್ತು, ಈಗ ಮೊಬೈಲಿಂದ ಎಂ-ಪೆಸಾ ಬರುತ್ತೆ. ಮೊಬೈಲ್ ದುಡ್ಡಲ್ಲಿ ಚರ್ಚಿನ ಗೋಡೆ ಏಳುತ್ತೆ, ಕಾಲುವೆ ಹೂಳು ಎತ್ತೋದಕ್ಕೆ ಆಳು ಬೇಕು.

ಇನ್ನೊಂದು ವಿಷ್ಯ ಹೇಳದೆ ಇದ್ರೆ ಈ ಬರಹ ಗಂಡಸರ ಬರಹ ಆಗ್ಬಿಡುತ್ತೆ. ಹೆಣ್ಣುಮಕ್ಕಳಿಗೆ ಕಿಹಾಂಬದಲ್ಲಿ ಪಾಲಿಲ್ಲ ಅನ್ನೋದು ಹಳೇ ಕಟ್ಟಳೆ. ಹುಲ್ಲು ಹೊತ್ತವರು, ಬಾಳೆ ಮಾರಿದವರು, ಚರ್ಚಿನ ಬೆಂಚು ತುಂಬಿದವರು ಅವರೇ. ವಿಕ್ಟೋರಿಯಾ ಸರೋವರದ ಆಚೆ ಬದಿಯ ಹಾಯಾ ಅನ್ನೋ ಇನ್ನೊಂದು ಬಂಟು ಬೆಳೆಗಾರ ಜನರ ಕೇಸಿನಲ್ಲಿ, ಕುಲದ ಜಮೀನನ್ನ ಹೆಂಗಸೂ ಗಂಡಸಿನಷ್ಟೇ ಹಕ್ಕಿಂದ ಮಾರಬಹುದು ಅಂತ 1990ರಲ್ಲಿ ಹೈಕೋರ್ಟ್ ತೀರ್ಪು ಕೊಡ್ತು, 1999ರ ಭೂಮಿ ಕಾಯ್ದೆಗಳೂ ಸಮಾನ ಹಕ್ಕು ಅಂದ್ವು. ಕಾಗದದಲ್ಲಿದೆ. ಮನೆಯಲ್ಲಿ ಕೇಳಿದ್ರೆ ಅಣ್ಣನ ಮುಖ ಸಪ್ಪಗಾಗುತ್ತೆ, ಅದರಲ್ಲೂ ಎಕರೆ ತೋಟ ಈಗಾಗ್ಲೇ ಮೂರು ತುಂಡಾಗಿರುವಾಗ. ದೇವರ ಮುಂದೆ ಎಲ್ಲರೂ ಒಂದೇ ಅಂತ ಪೀಠದಿಂದ ಹೇಳೋದಕ್ಕೆ ಯಾರ ತಕರಾರೂ ಇಲ್ಲ, ಅದೇ ಮಾತು ಹಿಸ್ಸೆ ಪತ್ರಕ್ಕೆ ಬಂದಾಗ ಕಷ್ಟ.

ಡಿಸೆಂಬರ್ ಬಂತು ಅಂದ್ರೆ ದಾರ್‌ನಿಂದ ಮೋಶಿ ಬಸ್ಸಿಗೆ ಸೀಟು ಸಿಗಲ್ಲ, ಚಗ್ಗಾಗಳು ಹೋದ್ರು ರಸ್ತೆ ಖಾಲಿ ಅಂತ ದಾರ್‌ನವರು ಜೋಕು ಮಾಡ್ತಾರೆ. ಹಬ್ಬಕ್ಕೆ ಊರಿಗೆ ಹೋಗದೆ ಇರೋದು ಅವರಲ್ಲಿ ದೊಡ್ಡ ತಪ್ಪು. ಕ್ರಿಸ್ಮಸ್ ಆರಾಧನೆ, ಆಮೇಲೆ ಮೇಕೆ ಕಡೀತಾರೆ, ಯಾವ ಭಾಗ ಯಾರಿಗೆ ಅಂತ ನಂಟಿನ ಲೆಕ್ಕದಲ್ಲಿ ಹಂಚ್ತಾರೆ, ವರ್ಷವಿಡೀ ಮುಚ್ಚಿದ್ದ ಎರಡು ಮಹಡಿ ಮನೆಗಳ ಬಾಗಿಲು ತೆರೆಯುತ್ತೆ, ಬಾಳೆ ಸಾಲಿನ ಮಧ್ಯೆ ಇರೋ ಸಮಾಧಿಗಳ ಕಳೆ ಕಿತ್ತು ಸಿಮೆಂಟ್ ಶಿಲುಬೆಗೆ ಸುಣ್ಣ ಬಳೀತಾರೆ, ಮೇಲೆ ಪ್ರಾರ್ಥನೆ. ಭಾನುವಾರದ ಮ್ನಾಡದಲ್ಲಿ ಪೇಟೆಯವರ ಕೈ ಧಾರಾಳ, ಗೊನೆಗೆ ಒಳ್ಳೇ ರೇಟು.

ಕುಟುಂಬದ ಮೀಟಿಂಗ್ ನಡೆಯೋದೂ ಅದೇ ವಾರದಲ್ಲಿ, ಎಲ್ಲರೂ ಸಿಗೋದೇ ಆವಾಗ. ಅಪ್ಪ ತೀರ್ಕೊಂಡಿದಾರೆ, ಅಮ್ಮ ದಾರ್‌ನಲ್ಲಿ ಮಗಳ ಮನೆಯಲ್ಲಿ, ತೋಟ ನೋಡ್ಕೊಳೋಕೆ ಕೂಲಿ ಆಳು. ಮಾರಿಬಿಡೋಣ್ವಾ ಅಂತ ಯಾರೋ ಒಬ್ಬ ಮೆಲ್ಲಗೆ ಅಂತಾನೆ, ಮಾರಿದ್ರೆ ತಾತನ ಸಮಾಧಿ ಗತಿ ಏನು ಅಂತ ಇನ್ನೊಬ್ಬ. ಕೊಂಡವನು ಅದನ್ನ ಉಳಿಸ್ಕೊಳ್ತಾನಾ, ಮೇಲೆ ಮನೆ ಕಟ್ತಾನಾ, ಸುತ್ತ ಇರೋ ಮಸಾಲೆ ಗಿಡ ಕೀಳ್ತಾನಾ ಯಾರಿಗೆ ಗೊತ್ತು. ಆ ವರ್ಷ ತೀರ್ಮಾನ ಆಗಲ್ಲ. ಜನವರಿ ಮೊದಲ ವಾರ ಎಲ್ಲರೂ ವಾಪಸ್ ಬಸ್ಸು ಹತ್ತುತಾರೆ, ಕೀ ಪಕ್ಕದ ಮನೆ ಅಜ್ಜಿ ಕೈಗೆ.